ಬಿಳಿ ಚೀಟಿ, ಕಾಕಾ ಹೇಳಿದ ವಚನ, ಮತ್ತ ಒಂದು ಹಾಳಿ ಅರ್ಜಿ

ಅಡತಿ ಅಂಗಡ್ಯಾಗ, ಅಂದ್ರ ರೈತರ ಮಾಲು ದಲಾಲಿ ಮ್ಯಾಲ ಮಾರ್ಸೋ ಅಂಗಡ್ಯಾಗ, ಕೆಲ್ಸ ಮಾಡೀನಿ ಅಂದ್ರ ಮಂದಿ ಮೊದ್ಲು ಕೇಳೋದು, ಅಲ್ಲಿ ಹೆಣ್ಮಕ್ಕಳಿಗೆ ಏನ್ ಕೆಲ್ಸರಿ ಅಂತ. ಮೊದ್ಲು ಇರ್ಲಿಲ್ಲ, ಖರೆ. ಎಪಿಎಂಸಿ ಟೆಂಡರ್ ಆನ್‌ಲೈನ್ ಆದ್ಮ್ಯಾಲ ಲಾಟ್ ಎಂಟ್ರಿ, ತೂಕದ ಎಂಟ್ರಿ, ಬಿಲ್ಲು ಎಲ್ಲಾ ಕಂಪ್ಯೂಟರಿಗೆ ಬಂತು, ಗಾದಿ ಮ್ಯಾಲ ಕುಂತು ಕಿರ್ದಿ ಪುಸ್ತಕದಾಗ ದಿನದ ಲೆಕ್ಕಾ ಬರಿಯೋ ಹಿರೇ ದಿವಾಣಜಿಗಳಿಗೆ ಮೌಸ್ ಹಿಡ್ಯಾಕ ಬ್ಯಾಸರ, ಹಂಗಾಗಿ ಬಿಕಾಂ ಮಾಡಿದ ನನ್ನಂಥಾಕಿನ್ನ ಇಟ್ಕೊಂಡ್ರು. ನಮ್ದು ಬೆಟಗೇರಿ. ಬಾಸೆಲ್ ಮಿಶನ್ ಪಾದ್ರಿಗಳ ಕಾಲದಿಂದ ಸಭೆಗೆ, ಅಂದ್ರ ಚರ್ಚಿಗೆ, ಸೇರಿದ ಕ್ರೈಸ್ತ ಮನೆತನ. ಅಂಗಡಿ ಇದ್ದದ್ದು ಈ ಕಡೆದ ಒಂದು ಯಾರ್ಡಿನ್ಯಾಗ, ಯಾವ ಯಾರ್ಡು ಅಂತ ಹೇಳಂಗಿಲ್ಲ, ಯಾಕ ಹೇಳಂಗಿಲ್ಲ ಅನ್ನೋದು ಓದ್ತಾ ಓದ್ತಾ ತಿಳೀತೈತಿ.

ಈಗ ಯಾಕ ಬರಿಯಾಕತ್ತೀನಿ ಅಂದ್ರ, ಹುಬ್ಬಳ್ಳ್ಯಾಗ ಕೆಲ್ಸ ಮಾಡೋ ನಮ್ಮ ಚಿಗವ್ವನ ಮಗಳು ಹೋದ ವಾರ ಫೋನ್ ಹಚ್ಚಿದ್ಲು, ಅಕ್ಕಾ ನಮ್ಮ ಆಫೀಸಿನ್ಯಾಗ ಸ್ಟಾಕ್ ಗೋಲ್‌ಮಾಲ್ ನಡದೈತಿ, ಹೇಳ್ಬೇಕೋ ಸುಮ್ನಿರಬೇಕೋ, ಮಮ್ಮಿ ಅಂತೂ ದೇವ್ರು ನೋಡ್ಕೊಂತಾನ ಬಿಡು ಅಂತಾಳ ಅಂತ. ಈ "ದೇವ್ರು ನೋಡ್ಕೊಂತಾನ" ಅನ್ನೋದನ್ನ ನಾನೂ ಭಾಳ ಕೇಳೀನಿ. ಫೋನಿನ್ಯಾಗ ಹೇಳೋದು ಆಗ್ಲಿಲ್ಲ, ಇಲ್ಲಿ ಬರೀತೀನಿ, ಓದ್ಕೊಳ್ಳಿ.

ಮೊದ್ಲು ಬಿಳಿ ಚೀಟಿ ಅಂದ್ರ ಏನು ಅಂತ ಹೇಳ್ಬೇಕು, ಇಲ್ಲಾಂದ್ರ ಮುಂದಿಂದು ತಿಳ್ಯಂಗಿಲ್ಲ. ರೈತ ಮಾಲು ತಂದು ಅಂಗಡಿ ಮುಂದ ಹಾಕ್ತಾನ, ಲಾಟ್ ನಂಬರ್ ಬೀಳ್ತೈತಿ, ಖರೀದಿದಾರರು ಬಂದು ಕಾಳು ಕೈಯಾಗ ಹಿಡ್ದು ನೋಡಿ ಟೆಂಡರ್ ಹಾಕ್ತಾರ, ಮಧ್ಯಾಹ್ನ ರೇಟ್ ಬಿಡ್ತಾರ, ಆಮ್ಯಾಲ ಹಮಾಲರು ತೂಕಾ ಮಾಡ್ತಾರ. ಕರ್ನಾಟಕದ ಎಪಿಎಂಸಿ ಕಾಯ್ದೆ 1966ರದ್ದು, ಅದರ ಪ್ರಕಾರ ಅಡತ್ಯಾನ ದಲಾಲಿ ಕೊಡ್ಬೇಕಾದವ ಮಾಲು ಕೊಂಡವ. ರೈತನ ಕಡಿಂದ ದಲಾಲಿ ಅಂತ ಒಂದು ಪೈಸಾ ಮುರಿಯುವಂಗಿಲ್ಲ. ನಾ ಕಂಪ್ಯೂಟರಿನ್ಯಾಗ ಹಾಕೋ ಬಿಲ್ಲು ಹಂಗ ಇರ್ತಿತ್ತು, ಬಂಗಾರದಂಗ ಚೊಕ್ಕ. ಆದ್ರ ರೈತನ ಕೈಯಾಗ ಹೋಗೋದು ಆ ಬಿಲ್ಲಲ್ಲ. ಅದು ಒಂದು ಬಿಳಿ ಚೀಟಿ.

ಹೆಂಗಿರ್ತಿತ್ತು ಅಂದ್ರ, ಅಂಗೈ ಅರ್ಧದಷ್ಟು, ರಫ್ ಪ್ಯಾಡಿನ್ಯಾಗಿಂದ ಹರ್ದದ್ದು, ಮ್ಯಾಲ ಅಂಗಡಿ ಹೆಸ್ರಿಲ್ಲ, ತಾರೀಖಿಲ್ಲ, ಸಹಿ ಇಲ್ಲ. ರೈತನ ಹೆಸ್ರಿನ ಮೊದಲ ಅಕ್ಷರ, ಚೀಲ ಎಷ್ಟು, ತೂಕ ಎಷ್ಟು, ರೇಟು, ಕೆಳಗ "ಖ" ಅಂತ ಬರ್ದು ಒಂದು ಅಂಕಿ, ಗೀಟು ಹೊಡ್ದು ಉಳಿದ ಮೊತ್ತ. "ಖ" ಅಂದ್ರ ಖರ್ಚು. ಆ ಖರ್ಚಿನ್ಯಾಗ ಹಮಾಲಿ ಐತಿ, ಅದು ನ್ಯಾಯ. ಅದರ ಜೋಡಿ ನೂರಕ್ಕ ಮೂರು ರೂಪಾಯಿ ಕೂಡ ಐತಿ, ಅದು ಏನು ಅಂತ ಕೇಳಿದ್ರ ಯಾರೂ ಹೇಳಂಗಿಲ್ಲ. ಇದಲ್ದ ತೂಕದಾಗ ಸೂಟು ಅಂತ ಕಡಿತ. ಖಾಲಿ ಚೀಲದ ತೂಕ ಕಳೀಬೇಕು, ಒಪ್ಪತೀನಿ, ಆದ್ರ ಚೀಲದ ತೂಕ ಕಳ್ದ ಮ್ಯಾಲೂ ಚೀಲಕ್ಕ ಇನ್ನೊಂದು ಅರ್ಧ ಕಿಲೋ ಹೊಡೀತಿದ್ರು.

ಲೆಕ್ಕಾ ಹಾಕಿ ನೋಡ್ರಿ. ಒಬ್ಬ ರೈತ 20 ಕ್ವಿಂಟಲ್ ಹೆಸರುಕಾಳು ತಂದ ಅನ್ರಿ, ಕ್ವಿಂಟಲಿಗೆ 7,000 ಸಿಕ್ತು, 1,40,000 ಆತು. ನೂರಕ್ಕ ಮೂರು ಅಂದ್ರ 4,200. 50 ಕಿಲೋದ 40 ಚೀಲ, ಚೀಲಕ್ಕ ಅರ್ಧ ಕಿಲೋ ಸೂಟು ಅಂದ್ರ 20 ಕಿಲೋ, ಅದರದ್ದು 1,400. ಒಟ್ಟು 5,600 ರೂಪಾಯಿ ಅವನ ಕಿಸೆದಾಗಿಂದ ಹೋತು, ಬಿಲ್ಲಿನ್ಯಾಗ ಎಲ್ಲೂ ಕಾಣಂಗಿಲ್ಲ. ಇದು ಒಬ್ಬಂದು. ಹಂಗಾಮಿನ್ಯಾಗ ಅಂಗಡಿ ಮುಂದ ಟ್ರ್ಯಾಕ್ಟರ್ ನಿಲ್ಲಾಕ ಜಾಗ ಇರಂಗಿಲ್ಲ.

ರೈತರಿಗೆ ಗೊತ್ತಿಲ್ಲೇನು? ಚಲೋತ್ನ್ಯಾಗ ಗೊತ್ತೈತಿ. ಬಿತ್ತೋ ಮುಂದ ಬೀಜಕ್ಕ, ಗೊಬ್ಬರಕ್ಕ, ಮನ್ಯಾಗ ಮದುವಿ ಇದ್ರ ಮದುವಿಗೆ ರೊಕ್ಕಾ ಕೊಟ್ಟಾವ ಇದ ಅಡತ್ಯಾ. ಬ್ಯಾಂಕಿನ್ಯಾಂಗ ಪಹಣಿ, ಜಾಮೀನು ಕೇಳಂಗಿಲ್ಲ, ರಾತ್ರಿ ಫೋನ್ ಹಚ್ಚಿದ್ರ ಬೆಳಿಗ್ಗೆ ಕೊಡ್ತಾನ. ಅದಕ್ಕ ಮಾಲು ಅವನ ಅಂಗಡಿಗೇ ಬರ್ಬೇಕು, ಅವ ಹರ್ದು ಕೊಟ್ಟ ಚೀಟಿ ಸುಮ್ನ ಮಡಚಿ ಇಟ್ಕೋಬೇಕು. ಒಬ್ಬ ಮುದುಕಪ್ಪ ನನ್ನ ಟೇಬಲ್ ಮುಂದ ನಿಂತು, "ಅಕ್ಕಾರ, ಆ ಟಿವ್ಯಾಗ ಎಷ್ಟು ತೋರ್ಸಾಕತ್ತೈತ್ರಿ ನಂದು?" ಅಂತ ಕೇಳ್ದ, ಮಾನಿಟರಿಗೆ ಟಿವಿ ಅಂದ ಅವ. ಹೇಳ್ದೆ. ಕೈಯಾಗಿನ ಚೀಟಿ ನೋಡ್ಕೊಂಡ, ಸ್ಕ್ರೀನ್ ನೋಡ್ದ, "ಇರ್ಲಿ ಬಿಡ್ರಿ" ಅಂದು ಹೋದ. ಇರ್ಲಿ ಬಿಡ್ರಿ ಅಂದಾವ ಅವ, ಅಂಗಡಿಯವ್ರಲ್ಲ, ಇದು ನನ್ನ ತಲಿ ಕೆಡಿಸ್ತು.

ಈಗ ಕಾಕಾನ ವಿಷಯ. ಅಂಗಡಿ ಹಿರೇ ದಿವಾಣಜಿ, ನಮ್ಮ ಸಭೆಯವ್ರ, ಕಮಿಟ್ಯಾಗ ಹಿರಿಯರು, ನಮ್ಮಪ್ಪನ ಗೆಳೆಯರು, ನಂಗ ಕೆಲ್ಸ ಕೊಡ್ಸಿದ್ದೂ ಅವ್ರ. ಬಿಳಿ ಚೀಟಿ ಬರೀತಿದ್ದವ್ರು ಅವ್ರು. ರೊಕ್ಕಾ ಅವ್ರ ಮನಿಗೆ ಹೋಗ್ತಿರ್ಲಿಲ್ಲ, ಅಂಗಡಿ ಮಾಲಕ ಸಾವ್ಕಾರ್ರ ಗಲ್ಲಾಕ್ಕ ಹೋಗ್ತಿತ್ತು, ಇದನ್ನ ಹೇಳ್ಲೇಬೇಕು. ಒಂದಿನ ಟೆಂಡರ್ ಮುಗ್ದು ಅಂಗಡಿ ಖಾಲಿ ಆದಾಗ ಕೇಳ್ದೆ, ಕಾಕಾ ಇದು ತಪ್ಪಲ್ಲೇನ್ರಿ ಅಂತ. ಸಿಟ್ಟಾಗ್ಲಿಲ್ಲ. "ತಂಗಿ, ತೀರ್ಪು ಮಾಡಬ್ಯಾಡ್ರಿ ಅಂತ ಯೇಸುಸ್ವಾಮಿ ಹೇಳ್ಯಾನ, ಮತ್ತಾಯ ಏಳು. ಸೇಡು ತೀರ್ಸೋದು ನನ್ನ ಕೆಲ್ಸ ಅಂತ ಕರ್ತ ಹೇಳ್ಯಾನ, ರೋಮಾಪುರ ಹನ್ನೆರಡು. ಸಾವ್ಕಾರ್ರದ್ದು ಸಾವ್ಕಾರ್ರಿಗೆ ಕೇಳ್ತಾನ, ನಂದು ನಂಗ ಕೇಳ್ತಾನ. ನೀ ಎಂಟ್ರಿ ಸರಿ ಹಾಕು, ನಿನ್ನ ಕೈ ಚೊಕ್ಕ ಐತಿ" ಅಂದ್ರು.

ಅವ್ರು ನಾಟಕ ಮಾಡ್ತಿರ್ಲಿಲ್ಲ. ಖರೇನ ನಂಬಿದ್ರು. ಅದಕ್ಕ ನಂಗ ಉತ್ರ ಕೊಡೋದು ಕಷ್ಟ ಆತು, ಸುಳ್ಳ ಹೇಳೋ ಮನಶ್ಯಾಗ ಉತ್ರ ಕೊಡೋದು ಸಸಾರ.

ಮನಿಗೆ ಬಂದು ಬೈಬಲ್ ತಗದು ಕುಂತೆ. ಮೊದ್ಲು ಯೇಸುವಿನ ಅಪೊಸ್ತಲ ಪೌಲ ರೋಮಾಪುರದ ಸಭೆಗೆ ಬರೆದ ಪತ್ರ. 12ನೇ ಅಧ್ಯಾಯದ 19ನೇ ವಚನ ಕಾಕಾ ಹೇಳಿದ್ದು ಸರಿ ಐತಿ. ಆದ್ರ ಅಲ್ಲೇ ನಿಲ್ಲಿಸಿದ್ರ ಹೆಂಗ, ಅಧ್ಯಾಯದ ನಂಬರ್ ಪೌಲ ಹಾಕಿದ್ದಲ್ಲ, ಅದು 13ನೇ ಶತಮಾನದಾಗ ಬಂದದ್ದು, ಪೌಲ ಒಂದ ಕಾಗದ ಬರ್ಕೊಂತ ಹೋಗ್ಯಾನ. ನಾಕ್ಕ ಸಾಲು ಮುಂದ ಹೋದ್ರ 13:4ರಾಗ, ಅಧಿಕಾರದಾಗ ಇರೋವ ದೇವರ ಸೇವಕ, ಕೆಟ್ಟದ್ದು ಮಾಡಿದಾವಗ ದಂಡನೆ ಕೊಡಾಕ ಇಟ್ಟಾವ ಅಂತ ಬರ್ದಾನ. ಅಂದ್ರ ಸೇಡು ನೀ ತೀರ್ಸಬ್ಯಾಡ ಅನ್ನೋದು, ಯಾರಿಗೂ ಹೇಳಬ್ಯಾಡ ಅನ್ನೋದು ಎರಡೂ ಬ್ಯಾರೆ ಬ್ಯಾರೆ. ಸೇಡಿನ ಕೆಲ್ಸ ನನ್ನ ಕೈಯಾಗಿಲ್ಲ ಅಂದ್ರ ಅದನ್ನ ನೋಡಾಕ ಕುಂತಾವನ ಮುಂದ ಕಾಗದ ಇಡೋದು ಬಾಕಿ ಉಳೀತೈತಿ.

ತೀರ್ಪು ಮಾಡಬ್ಯಾಡ ಅನ್ನೋ ವಚನಾನೂ ಹಂಗ. ಅದರ ಮುಂದ ಐದನೇ ವಚನದಾಗ, ಮೊದ್ಲು ನಿನ್ನ ಕಣ್ಣಾಗಿನ ತೊಲಿ ತಗಿ, ಆಮ್ಯಾಲ ಅಣ್ಣನ ಕಣ್ಣಾಗಿನ ಕಸ ತಗ್ಯಾಕ ನಿಚ್ಚಳ ಕಾಣ್ತೈತಿ ಅಂತೈತಿ. ಕಸ ಅಲ್ಲೇ ಇರ್ಲಿ ಅಂತ ಎಲ್ಲೂ ಇಲ್ಲ.

ಇನ್ನ ತೂಕದ ವಿಷಯಕ್ಕ ಬಂದ್ರ ನಂಗ ಆಶ್ಚರ್ಯ ಆತು, ಸಣ್ಣಾಕಿದ್ದಾಗಿಂದ ಸಂಡೇ ಸ್ಕೂಲಿಗೆ ಹೋದಾಕಿ, ಆದ್ರ ಅಡತಿ ಅಂಗಡ್ಯಾಗ ಕುಂತ ಮ್ಯಾಲ ಅವೆಲ್ಲಾ ಬ್ಯಾರೇನ ಕೇಳಸ್ತಾವ. ಧರ್ಮೋಪದೇಶಕಾಂಡ 25ರಾಗ, ಚೀಲದಾಗ ದೊಡ್ಡದೊಂದು ಸಣ್ಣದೊಂದು ತೂಕದ ಕಲ್ಲು ಇಟ್ಕೋಬಾರದು ಅಂತೈತಿ. ಜ್ಞಾನೋಕ್ತಿ 11 ಸುರುವಾಗೋದ ಮೋಸದ ತಕ್ಕಡಿಯಿಂದ. ಆಮೋಸ ಪ್ರವಾದಿ 8ನೇ ಅಧ್ಯಾಯದಾಗ ಬಯ್ಯೋದು ಯಾರ್ನ ಗೊತ್ತೇನು, ಹಬ್ಬ ಯಾವಾಗ ಮುಗೀತೈತಿ, ಸಬ್ಬತ್ ಯಾವಾಗ ಮುಗೀತೈತಿ, ಅಳತಿ ಸಣ್ಣದು ಮಾಡಿ ತಕ್ಕಡಿ ಸೊಟ್ಟ ಮಾಡಿ ವ್ಯಾಪಾರ ಸುರು ಮಾಡೂಣು ಅಂತ ಆರಾಧನ್ಯಾಗ ಕುಂತು ಲೆಕ್ಕಾ ಹಾಕೋ ಮಂದಿನ್ನ. ದೇವರ ತೀರ್ಪು ಅಂದ ಕೂಡ್ಲೆ ನಮಗೆ ಬೆಂಕಿ ಕೆರಿ, ತುತೂರಿ, ಮೋಡ ಇವೇ ಕಣ್ಮುಂದ ಬರ್ತಾವ, ಪ್ರವಾದಿಗಳಿಗೆ ಅದು ಚೀಲ, ಅಳತಿ, ಕೂಲಿ. ಯಾಕೋಬನ ಪತ್ರ 5:4ರಾಗ ಕೂಗೋದು ಯಾವ್ದು, ಹೊಲಾ ಕೊಯ್ದವ್ರಿಗೆ ಕೊಡ್ದ ಹಿಡ್ಕೊಂಡ ಕೂಲಿ.

ಆದ್ರೂ ಒಂದು ವಚನ ಗಟ್ಟಿ ಅಡ್ಡ ನಿಂತಿತ್ತು. ಮತ್ತಾಯ 18:15. ನಿನ್ನ ಸಹೋದರ ತಪ್ಪು ಮಾಡಿದ್ರ ನೀನೂ ಅವನೂ ಇಬ್ರ ಇದ್ದಾಗ ಹೇಳು, ಕೇಳ್ಲಿಲ್ಲಾಂದ್ರ ಒಬ್ರನ್ನೋ ಇಬ್ರನ್ನೋ ಕರ್ಕೊಂಡ್ ಹೋಗು, ಆಗ್ಲೂ ಕೇಳ್ಲಿಲ್ಲಾಂದ್ರ ಸಭೆಗೆ ಹೇಳು. ಕಾಕಾ ಸಹೋದರ, ಹೇಳ್ದೆ, ಕೇಳ್ಲಿಲ್ಲ. ಸಾವ್ಕಾರ್ರು ಸಭೆಯವ್ರಲ್ಲ, ಲಿಂಗಾಯತ್ರು, ಅವ್ರನ್ನ ಯಾವ ಸಭೆ ಮುಂದ ನಿಲ್ಸೋದು? ಮತ್ತ ಈ ಮೂರು ಮೆಟ್ಲು ಹತ್ತಿ ಮುಗಿಸೋದ್ರಾಗ ಹಂಗಾಮ ಮುಗೀತೈತಿ, ಎಷ್ಟು ಮಂದಿದು ಹೋಗ್ತೈತಿ?

ಇದನ್ನ ಸಭಾಪಾಲಕರ ಹತ್ರ ಕೇಳ್ದೆ, ಯಾರ ಹೆಸ್ರೂ ಹೇಳ್ಲಿಲ್ಲ. ಅವ್ರು ಧರ್ಮಶಾಸ್ತ್ರ ಓದಿದವ್ರು, 13ನೇ ಶತಮಾನದ ಕ್ಯಾಥೋಲಿಕ್ ಪಂಡಿತ ಥಾಮಸ್ ಅಕ್ವಿನಾಸ್ ಇದ ಪ್ರಶ್ನೆ ಕೇಳ್ಯಾನ ನೋಡವಾ ಅಂದ್ರು. ತಪ್ಪು ಒಬ್ಬನ ಆತ್ಮಕ್ಕ ಮಾತ್ರ ಕೇಡು ಅಂದ್ರ ಗುಟ್ಟಿನ್ಯಾಗ ಬುದ್ಧಿ ಹೇಳೋದು ಮೊದ್ಲು, ಯಾಕಂದ್ರ ಅವನ ಮರ್ಯಾದಿ ಉಳೀಲಿ, ತಿದ್ಕೊಳ್ಳಿ ಅನ್ನೋದು ಉದ್ದೇಶ. ಆದ್ರ ಗುಟ್ಟಿನ್ಯಾಗ ನಡ್ಯೋ ತಪ್ಪಿನಿಂದ ಬ್ಯಾರೇದವ್ರಿಗೆ ಪೆಟ್ಟು ಬೀಳ್ತಿದ್ರ, ಉದಾಹರಣೆಗೆ ಒಬ್ಬಾವ ಊರನ್ನ ಶತ್ರುಗೆ ಒಪ್ಪಸಾಕ ಸಂಚು ಮಾಡ್ತಿದ್ರ, ಗುಟ್ಟಿನ ಮಾತಿಗೆ ಅವ ನಿಲ್ಲಸ್ತಾನ ಅನ್ನೋ ಗಟ್ಟಿ ಭರವಸೆ ಇಲ್ಲದಿದ್ರ, ನೆಟ್ಟಗ ಹೋಗಿ ಹೇಳ್ಬೇಕು ಅಂತಾನ ಅವ. ಮತ್ತ ಪ್ರೊಟೆಸ್ಟೆಂಟ್ ಸುಧಾರಣೆ ಸುರು ಮಾಡಿದ ಮಾರ್ಟಿನ್ ಲೂಥರ್ 1529ರ ದೊಡ್ಡ ಪ್ರಶ್ನೋತ್ತರ ಅನ್ನೋ ಪುಸ್ತಕದಾಗ, ಸುಳ್ಸಾಕ್ಷಿ ಹೇಳಬ್ಯಾಡ ಅನ್ನೋ ಆಜ್ಞೆ ಬಗ್ಗೆ ಬರೀತಾ, ಪಾಪ ಗೊತ್ತಾಗೋದು ಬ್ಯಾರೆ, ಅದಕ್ಕ ತೀರ್ಪು ಕೊಡೋದು ಬ್ಯಾರೆ, ಗೊತ್ತಾದ ಮಾತ್ರಕ್ಕ ನೀ ನ್ಯಾಯಾಧೀಶ ಆಗಂಗಿಲ್ಲ, ಊರೆಲ್ಲಾ ಟಾಂಟಾಂ ಮಾಡಬ್ಯಾಡ, ಆ ಅಧಿಕಾರ ಇದ್ದವ್ರಿಗೆ ಹೇಳು ಅಂತಾನ. ಇವೆರಡೂ ಸೇರಿದ್ರ ನಂಗ ದಾರಿ ಸಿಕ್ತು. ಅಕ್ವಿನಾಸ್ ಹೇಳ್ತಾನ ಹೋಗಿ ಹೇಳು. ಲೂಥರ್ ಹೇಳ್ತಾನ ಎಲ್ಲಿ ಹೇಳ್ಬೇಕೋ ಅಲ್ಲಷ್ಟ ಹೇಳು.

ಸಾವ್ಕಾರ್ರಿಗೆ ಮೊದ್ಲು ಹೇಳ್ದೆ. ಹೇಳದ ಹೊರಗ ಹೋಗೋದು ನಂಗ ಸರಿ ಅನ್ಸಲಿಲ್ಲ, ಅವ್ರಿಗೂ ನಿಲ್ಸಾಕ ಒಂದು ಅವಕಾಶ ಇರ್ಲಿ ಅಂತ. ಅವ್ರು ಕೆಟ್ಟ ಮನಶ್ಯಾ ಅಲ್ರಿ. "ನೋಡವಾ, ರೈತಗ ಅವತ್ತ ರೊಕ್ಕಾ ಕೊಡ್ಬೇಕು, ಖರೀದಿದಾರ ನಂಗ ವಾರಾನುಗಟ್ಟಲೆ ಕೊಡಂಗಿಲ್ಲ, ಅಡ್ವಾನ್ಸ್ ಕೊಟ್ಟದ್ದು ಅರ್ಧ ವಾಪಸ್ ಬರಂಗಿಲ್ಲ, ಈ ಮೂರು ರೂಪಾಯಿ ಬಿಟ್ರ ನಾ ಅಂಗಡಿ ಕೀಲಿ ಹಾಕ್ಬೇಕಾಗ್ತೈತಿ, ಮತ್ತ ಎಲ್ಲಾರೂ ಮಾಡ್ತಾರ" ಅಂದ್ರು. ಮೊದಲಿನ ಮಾತು ಖರೇನ, ಅಡತ್ಯಾನ ಕಷ್ಟ ಅಡತಿ ಅಂಗಡ್ಯಾಗ ಕುಂತವ್ರಿಗೆ ಗೊತ್ತು. ಆದ್ರ ಖರೀದಿದಾರ ತಡಾ ಮಾಡಿದ್ದಕ್ಕ ರೈತ ದಂಡ ಕಟ್ಟೋದು ಯಾವ ಲೆಕ್ಕ? ಬಡ್ಡಿ ಬೇಕಂದ್ರ ಬಡ್ಡಿ ಅಂತ ಬರ್ದು ತೋರ್ಸಿ ತಗೊಳ್ರಿ ಅಂದೆ. ನಕ್ಕರು. ಹಂಗಾಮ ಮುಂದುವರೀತು, ಚೀಟೀನೂ ಮುಂದುವರೀತು.

ಆವಾಗ ನಮ್ಮ ತಮ್ಮ ಬಂದ. ಅವಗ ರೀಲ್ಸ್ ಹುಚ್ಚು, ಫಾಲೋವರ್ಸೂ ಅದಾರ. "ಅಕ್ಕಾ, ಕಾಕಾ ಚೀಟಿ ಬರಿಯೋದನ್ನ ಫೋನಿನ್ಯಾಗ ಹಿಡಿ, ಮಾರಿ ಕಾಣ್ಬೇಕು, ನಾ ಮ್ಯೂಸಿಕ್ ಹಾಕಿ ಬಿಡ್ತೀನಿ, ಒಂದು ತಾಸಿನ್ಯಾಗ ಜಿಲ್ಲಾ ತುಂಬ ಓಡ್ತೈತಿ" ಅಂದ. ನಾ ಒಲ್ಲೆ ಅಂದೆ. ಭಾಳ ಜಗಳಾತು. ಅವನ ವಾದ ಹಗುರ ಇರ್ಲಿಲ್ಲ: ಅಧಿಕಾರಿಗಳಿಗೆ ಕೊಟ್ರ ಫೈಲ್ ಮುಚ್ಚತಾರ, ಮಂದಿ ಮುಂದ ಬಿಟ್ರ ಮುಚ್ಚಾಕ ಆಗಂಗಿಲ್ಲ. ಖರೆ ಐತಿ ಒಮ್ಮೊಮ್ಮೆ. ಆದ್ರ ಆ ವಿಡಿಯೋದಾಗ ಯಾರ ಮಾರಿ ಕಾಣ್ತೈತಿ? ಸಾವ್ಕಾರ್ರದ್ದಲ್ಲ. ಗಾದಿ ಮ್ಯಾಲ ಕುಂತ ಮುದುಕ ದಿವಾಣಜಿದು, ಮತ್ತ ಅವನ ಎದುರು ಕೈ ಚಾಚಿ ನಿಂತ ರೈತಂದು. ಆ ರೈತಗ ಮುಂದಿನ ಮುಂಗಾರಿಗೆ ಬೀಜದ ರೊಕ್ಕಾ ಯಾರು ಕೊಡ್ತಾರ? ನನಗ ಚೀಟಿ ತಂದು ಕೊಟ್ಟವ್ರೆಲ್ಲಾ ಮೊದ್ಲು ಹೇಳಿದ್ದ ಅದು, "ನಮ್ಮ ಹೆಸ್ರು ತಗೀಬ್ಯಾಡ್ರಿ". ಮತ್ತ ಆ ಮ್ಯೂಸಿಕ್ ಯಾಕ ಬೇಕು? ಅದು ತೀರ್ಪು. ನೋಡೋವ ತೂಕಾ ಎಷ್ಟು ಹೋತು ಅಂತ ತಿಳ್ಕೊಳ್ಳೋಕಿಂತ ಮೊದ್ಲು ಸಿಟ್ಟಿಗೇಳ್ಲಿ ಅಂತ ಹಾಕೋದದು.

ಇಲ್ಲೇ ನೋಡ್ರಿ ನಂಗ ದೇವರ ತೀರ್ಪಿನ ನಂಬಿಕಿ ಕೆಲ್ಸಕ್ಕ ಬಂದದ್ದು. ಕಾಕಾಗೆ ಅದು ಸುಮ್ನಿರಾಕ ಕಾರಣ ಆತು. ತಮ್ಮಗ ದೇವ್ರು ತಡಾ ಮಾಡ್ತಾನ, ನಾವ ಇಲ್ಲೇ ಮುಗ್ಸೂಣು ಅನ್ನಿಸ್ತು. ನನಗ ಎರಡೂ ಒಪ್ಪಲಿಲ್ಲ. ನಾವು ಪ್ರತಿ ಐತವಾರ ವಿಶ್ವಾಸ ಪ್ರಮಾಣದಾಗ, ಬದುಕಿರೋರಿಗೂ ಸತ್ತೋರಿಗೂ ನ್ಯಾಯ ತೀರ್ಸಾಕ ಕ್ರಿಸ್ತ ಬರ್ತಾನ ಅಂತ ಹೇಳ್ತೀವಿ. ಕೊನಿ ತೀರ್ಪು ಅಲ್ಲೈತಿ ಅಂದ್ರ, ಕಾಕಾ ಎಂಥಾ ಮನಶ್ಯಾ ಅಂತ ಬರಿಯೋ ಕೆಲ್ಸ ನನ್ನ ತಲಿ ಮ್ಯಾಲಿಲ್ಲ. ಅದು ಇಳೀತು ಅಂದ್ರ ಉಳಿಯೋದು ಚೀಟಿ, ತೂಕ, ತಾರೀಖು. ಅಷ್ಟನ್ನ ಬರ್ಯಾಕ ಹೆದ್ರಿಕಿ ಕಡಿಮಿ ಆಗ್ತೈತಿ, ಸಿಟ್ಟೂ ಕಡಿಮಿ ಆಗ್ತೈತಿ.

ಕುಂತು ಅರ್ಜಿ ಬರ್ದೆ. ಸುರುವಿಗೆ ಬರ್ದದ್ದರಾಗ ಲೂಟಿ, ಅನ್ಯಾಯ, ರೈತರ ರಕ್ತ ಅಂತೆಲ್ಲಾ ಇತ್ತು, ಒಂದೊಂದ ಹೊಡದ ಹಾಕಿದೆ. ಉಳಿದದ್ದು ಇಷ್ಟ: ಇಂಥಾ ದಿನ ಇಂಥಾ ಲಾಟ್, ಕಂಪ್ಯೂಟರ್ ಬಿಲ್ಲಿನ್ಯಾಗ ಇಷ್ಟು, ರೈತಗ ಕೊಟ್ಟ ಚೀಟ್ಯಾಗ ಇಷ್ಟು, ವ್ಯತ್ಯಾಸ ಇಷ್ಟು. ಚೀಟಿ ಬರೆದವ್ರು ಹಿರೇ ದಿವಾಣಜಿ, ಅಂಗಡಿ ಲೈಸೆನ್ಸ್ ಸಾವ್ಕಾರ್ರ ಹೆಸ್ರಿನ್ಯಾಗ ಐತಿ. ರೈತರ ಹೆಸ್ರಿನ ಜಾಗಾದಾಗ ಲಾಟ್ ನಂಬರ್ ಮಾತ್ರ. ಜೋಡಿ ಚೀಟಿ ಜೆರಾಕ್ಸ್. ಅಂಗಡಿ ಕಿರ್ದಿ ಫೋಟೋ ಹೊಡ್ಕೊಬೇಕಾಗಿತ್ತು ಅಂತ ಕೆಲವ್ರು ಹೇಳಿದ್ರು. ಆ ಕಿರ್ದ್ಯಾಗ ಯಾರ ಮಗಳ ಮದುವಿಗೆ ಎಷ್ಟು ಸಾಲ, ಯಾರು ದವಾಖಾನಿಗೆ ಅಂತ ಎಷ್ಟು ಒಯ್ದರು ಎಲ್ಲಾ ಐತಿ, ಅದು ಕಳ್ಳತನದ ಪುರಾವೆ ಅಲ್ಲ, ಮಂದಿ ಸಂಸಾರ, ಅದನ್ನ ಮುಟ್ಲಿಲ್ಲ.

ಅರ್ಜಿ ಮಾರುಕಟ್ಟೆ ಸಮಿತಿ ಕಾರ್ಯದರ್ಶಿಗೆ ಒಂದು ಪ್ರತಿ, ತೂಕದ ವಿಷಯ ಇದ್ದದ್ದಕ್ಕ ಕಾನೂನು ಮಾಪನಶಾಸ್ತ್ರ ಇಲಾಖೆಗೆ ಒಂದು ಪ್ರತಿ. ಎರಡೂ ಕಡೆ ಸ್ವೀಕೃತಿ ಸೀಲ್ ಹಾಕಿಸ್ಕೊಂಡೆ, ಆವಕ ಟೇಬಲ್‌ನವ್ರು ನಾಳೆ ಬಾ ಅಂದ್ರೂ ಅಲ್ಲೇ ಬೆಂಚಿನ ಮ್ಯಾಲ ಕುಂತೆ. ತಂಗಿ, ಇದೊಂದು ನೀ ನೆನಪಿಡು, ಸೀಲ್ ಇಲ್ಲದ ಅರ್ಜಿ ಕೊಟ್ಟಂಗಲ್ಲ.

ನನ್ನ ಹೆಸ್ರು ಹಾಕ್ಬೇಕೋ ಬ್ಯಾಡೋ ಅಂತ ಮಾತ್ರ ಭಾಳ ವಿಚಾರ ಮಾಡ್ದೆ. ಹೆದ್ರಿಕಿ ಸುಮ್ನ ಬರಂಗಿಲ್ಲ. ಸತ್ಯೇಂದ್ರ ದುಬೆ ಅನ್ನೋ ಹೆದ್ದಾರಿ ಪ್ರಾಧಿಕಾರದ ಎಂಜಿನಿಯರ್, ರಸ್ತಾ ಕೆಲ್ಸದಾಗಿನ ಭ್ರಷ್ಟಾಚಾರದ ಬಗ್ಗೆ ಪ್ರಧಾನಿ ಕಚೇರಿಗೆ ಪತ್ರಾ ಬರ್ದು, ನನ್ನ ಹೆಸ್ರು ಗುಟ್ಟಾಗಿಡ್ರಿ ಅಂತ ಕೇಳ್ಕೊಂಡಿದ್ದ. ಹೆಸ್ರು ಸಮೇತ ಪತ್ರ ಕಚೇರಿ ಕಚೇರಿ ತಿರಗ್ತು, 2003ರಾಗ ಗಯಾದಾಗ ಅವನ್ನ ಗುಂಡು ಹೊಡ್ದು ಕೊಂದ್ರು. ನಮ್ಮ ಕೋಲಾರ ಚಿನ್ನದ ಗಣಿ ಕಡೆ ಹುಡುಗ ಮಂಜುನಾಥ ಷಣ್ಮುಗಂ, ಇಂಡಿಯನ್ ಆಯಿಲ್‌ನ್ಯಾಗ ಅಧಿಕಾರಿ, ಕಲಬೆರಕಿ ಮಾಡೋ ಪೆಟ್ರೋಲ್ ಬಂಕ್ ಮ್ಯಾಲ ಕ್ರಮ ತಗೊಂಡದ್ದಕ್ಕ 2005ರಾಗ ಉತ್ತರ ಪ್ರದೇಶದ ಲಖೀಂಪುರ ಖೇರ್ಯಾಗ ಕೊಲೆ ಆದ. ಇಂಥಾವ್ರ ರಕ್ಷಣಾಕ್ಕಂತ 2014ರಾಗ ಕಾಯ್ದೆ ಪಾಸಾತು, ಪಾಸಾಗಿ ವರ್ಷಾನುಗಟ್ಟಲೆ ಜಾರಿ ಆಗ್ದ ಕುಂತೈತಿ, ಜಾರಿ ಆದ್ರೂ ಅದು ಸರ್ಕಾರಿ ನೌಕರರ ತಪ್ಪಿನ ಬಗ್ಗೆ, ಅಡತಿ ಅಂಗಡಿ ಗುಮಾಸ್ತಿಗೆ ಅದರಾಗ ಜಾಗ ಇಲ್ಲ. ಹಂಗಾಗಿ ಹೆಸ್ರು ಮುಚ್ಚಿ ಕೊಡೋವ್ರನ್ನ ನಾ ಹೇಡಿ ಅನ್ನಂಗಿಲ್ಲ, ಯಾರೂ ಅನ್ನಬಾರದು.

ಆದ್ರ ನಾ ನನ್ನ ಹೆಸ್ರು ಹಾಕ್ದೆ. ಒಂದು, ಆ ಅಂಗಡ್ಯಾಗ ಬಿಲ್ಲು ನೋಡೋವ್ರು ಇಬ್ರ, ಹೆಸ್ರು ಮುಚ್ಚಿದ್ರೂ ಗೊತ್ತಾಗ್ತಿತ್ತು. ಇನ್ನೊಂದು, ಈ ನಾಡಿನ್ಯಾಗ ಹೆಸ್ರು ಹೇಳಿ ನಿಂತ ಹಿರಿಯರನ್ನ ನಾವು ಕಂಡೀವಿ. ಧಾರವಾಡದ ಎಸ್.ಆರ್. ಹಿರೇಮಠರು, ಅವ್ರ ಸಮಾಜ ಪರಿವರ್ತನ ಸಮುದಾಯ ಬಳ್ಳಾರಿ ಗಣಿ ವಿಷಯ ಸುಪ್ರೀಂ ಕೋರ್ಟಿಗೆ ಒಯ್ದದ್ದು ಎಲ್ಲಾರಿಗೂ ಗೊತ್ತು. ಅದಕ್ಕೂ ಮೊದ್ಲ 1987ರಾಗ ಈಗಿನ ಹಾವೇರಿ ಜಿಲ್ಲಾದ ಕುಸನೂರಾಗ ಕಿತ್ತಿಕೋ ಹಚ್ಚಿಕೋ ಅಂತ ಸತ್ಯಾಗ್ರಹ ಆತು, ಹಳ್ಳಿ ಮಂದಿ ತಮ್ಮ ಗೋಮಾಳದಾಗ ಕಂಪನಿ ಹಚ್ಚಿದ ನೀಲಗಿರಿ ಸಸಿ ಕಿತ್ತು ತಮಗೆ ಬೇಕಾದ ಗಿಡಾ ಹಚ್ಚಿದ್ರು, ಎಲ್ಲಾರ ಕಣ್ಮುಂದ. ರಾತ್ರೋರಾತ್ರಿ ಕಿತ್ತಿದ್ರ ಅದು ಬ್ಯಾರೇನ ಆಗ್ತಿತ್ತು. ನಂದು ಅವ್ರ ಮುಂದ ಏನೂ ಅಲ್ಲ, ಒಂದು ಹಾಳಿ ಅಷ್ಟ.

ಏನಾತು ಅಂತ ಕೇಳ್ತೀರಿ. ಸಿನಿಮಾದಂಗ ಏನೂ ಆಗ್ಲಿಲ್ಲ. ಸಿಬ್ಬಂದಿ ಬಂದ್ರು, ತಕ್ಕಡಿ ನೋಡಿದ್ರು, ಕಾರಣ ಕೇಳಿ ನೋಟಿಸ್ ಬಂತು. ರಫ್ ಪ್ಯಾಡ್ ಮಾಯ ಆದ್ವು. ಚೀಟಿ ಇಟ್ಕೊಂಡಿದ್ದ ಕೆಲವ್ರಿಗೆ ಸಾವ್ಕಾರ್ರು ರೊಕ್ಕಾ ತಿರಗಿ ಕೊಟ್ರು, ಚೀಟಿ ಹರ್ದು ಒಗ್ದವ್ರಿಗೆ ಏನೂ ಸಿಗ್ಲಿಲ್ಲ. ಲೈಸೆನ್ಸ್ ರದ್ದಾಗ್ಲಿಲ್ಲ. ಹಂಗಾಮ ಮುಗಿದ ದಿನ ಸಾವ್ಕಾರ್ರು ಪಗಾರ ಚುಕ್ತಾ ಮಾಡಿ "ಮುಂದ ಬ್ಯಾಡವಾ" ಅಂದ್ರು. ಈಗ ಗದಗಿನ ಒಂದು ಪ್ರಿಂಟಿಂಗ್ ಪ್ರೆಸ್ಸಿನ್ಯಾಗ ಅಕೌಂಟ್ಸ್ ನೋಡ್ತೀನಿ, ಪಗಾರ ಸ್ವಲ್ಪ ಕಡಿಮಿ.

ಆಮ್ಯಾಲ ನಡ್ದದ್ದು ನಂಗ ನೋಟಿಸ್‌ಗಿಂತ ಹೆಚ್ಚು ಕಾಡ್ತು. ಮಳಿಗಾಲ ಸುರುವಾಗೋ ಹೊತ್ತಿಗೆ ಕಾಕಾಗ ಲಕ್ವಾ ಹೊಡೀತು, ಬಲಗೈ ಹೋತು. ಒಂದು ಪ್ರಾರ್ಥನಾ ಕೂಟದಾಗ ಹೆಣ್ಮಕ್ಕಳು ನನ್ನ ಕೈ ಹಿಡ್ಕೊಂಡು, "ನೋಡು, ಆ ಚೀಟಿ ಬರೆದ ಕೈನ ದೇವ್ರು ಹೆಂಗ ಹಿಡ್ದ" ಅಂದ್ರು. ನನ್ನ ಪರವಾಗಿ ಮಾತಾಡ್ತೀವಿ ಅಂತ ತಿಳ್ಕೊಂಡಿದ್ರು. ನಂಗ ಹೊಟ್ಟಿ ತೊಳಿಸಿದಂಗ ಆತು. ಅಲ್ಲೇ ಲೂಕ 13 ತಗದು ಓದಿದೆ. ಸಿಲೋವದಾಗ ಗೋಪುರ ಬಿದ್ದು 18 ಮಂದಿ ಸತ್ತಾಗ, ಅವ್ರು ಯೆರೂಸಲೇಮಿನ ಬಾಕಿ ಎಲ್ಲಾರಿಗಿಂತ ಹೆಚ್ಚು ತಪ್ಪಿತಸ್ಥರೇನು ಅಂತ ಯೇಸು ಕೇಳ್ತಾನ, ಅಲ್ಲ ಅಂತ ಅವನ ಹೇಳ್ತಾನ. ಬಿಪಿ ಮಾತ್ರಿ ತಗೊಳ್ದ ಇದ್ದ ಮನಶ್ಯಾಗ ಲಕ್ವಾ ಹೊಡೀತು. ಕಾಕಾಗ ಅದು ತೀರ್ಪಾದ್ರ ಗಲ್ಲಾ ಪೆಟಗಿ ಮ್ಯಾಲ ಕುಂತ ಸಾವ್ಕಾರ್ರಿಗೆ ಯಾಕ ಏನೂ ಆಗ್ಲಿಲ್ಲ ಅಂದೆ, ಯಾರೂ ಮಾತಾಡ್ಲಿಲ್ಲ.

ಕ್ರೈಸ್ತರ ಒಳಗ ತೀರ್ಪಿನ ಬಗ್ಗೆ ಒಂದ ಮಾತಿಲ್ಲ, ಅದೂ ಖರೆ. ನನ್ನ ಕಾಲೇಜು ಗೆಳತಿ ಕ್ಯಾಥೋಲಿಕ್, ಅವ್ರ ಬೋಧನ್ಯಾಗ ಸತ್ತ ಕೂಡ್ಲೆ ಒಬ್ಬೊಬ್ರಿಗೂ ಒಂದು ತೀರ್ಪು, ಕಾಲದ ಕೊನಿಗೆ ಎಲ್ಲಾರಿಗೂ ಕೂಡಿ ಇನ್ನೊಂದು, ನಡುವ ಕೃಪೆಯಾಗ ಸತ್ತವ್ರಿಗೆ ಶುದ್ಧಿ ಆಗೋ ಸ್ಥಿತಿ ಐತಿ. ನಮ್ಮ ಪ್ರೊಟೆಸ್ಟೆಂಟ್ ಕಡೆ ಆ ಶುದ್ಧೀಕರಣದ ಮಾತಿಲ್ಲ, ನಂಬಿಕಿಯಿಂದ ನೀತಿವಂತರಾಗ್ತೀವಿ ಅಂತೀವಿ, ಆದ್ರ ಅದ ಪೌಲ 2 ಕೊರಿಂಥ 5:10ರಾಗ ನಾವೆಲ್ಲಾರೂ ಕ್ರಿಸ್ತನ ನ್ಯಾಯಾಸನದ ಮುಂದ ನಿಲ್ಲಬೇಕು ಅಂತಾನ, ಅದನ್ನ ನಮ್ಮವ್ರು ಜೋರಾಗಿ ಓದಂಗಿಲ್ಲ. 1 ಪೇತ್ರ 4:17ರಾಗಂತೂ ತೀರ್ಪು ದೇವರ ಮನ್ಯಾಗಿಂದಲೇ ಸುರು ಆಗ್ತೈತಿ ಅಂತೈತಿ, ಹೊರಗಿನ ಸಾವ್ಕಾರ್ರಿಂದಲ್ಲ. ಗೋದಿ ಜೋಡಿ ಬೆಳೆದ ಕಳೆ ಈಗ ಕೀಳಬ್ಯಾಡ್ರಿ ಅನ್ನೋ ಯೇಸುವಿನ ಸಾಮ್ಯಾನ ಎತ್ತಿ, ತಪ್ಪನ್ನೂ ಸುಗ್ಗಿ ತನಕ ಬಿಡ್ಬೇಕು ಅನ್ನೋವ್ರು ಅದಾರ. ಆ ಹೊಲ ಅಂದ್ರ ಲೋಕ ಅಂತ ಯೇಸು ಅಲ್ಲೇ ಬಿಡಿಸಿ ಹೇಳ್ಯಾನ, ಮತ್ತಾಯ 13:38. ಮನಶ್ಯಾರನ್ನ ಕಿತ್ತು ಬೆಂಕಿಗೆ ಹಾಕೋದು ಆಳುಗಳ ಕೆಲ್ಸಲ್ಲ ಅಂತ ಹೇಳೋ ಕಥಿ ಅದು, ತಕ್ಕಡಿ ತಪಾಸಣಿ ಬ್ಯಾಡ ಅನ್ನೋದಲ್ಲ.

ಕಾಕಾನ್ನ ನೋಡಾಕ ದವಾಖಾನಿಗೆ ಹೋದೆ. ಹೋಗಬ್ಯಾಡ ಅಂದಿದ್ರು ಮನ್ಯಾಗ. ಮಾತು ತೊದಲ್ತಿತ್ತು, ಆದ್ರ ತಿಳೀತಿತ್ತು. "ಅರ್ಜ್ಯಾಗ ನನ್ನ ಹೆಸ್ರು ಹಾಕಿದ್ಯಾ?" ಅಂದ್ರು. ಹಾಕೀನ್ರಿ ಕಾಕಾ ಅಂದೆ. "ಏನಂತ?" ಚೀಟಿ ಬರೆದವ್ರು ಅಂತ. "ಅಷ್ಟನಾ?" ಅಷ್ಟರಿ. ಸ್ವಲ್ಪ ಹೊತ್ತು ಬಿಟ್ಟು, "ಕಳ್ಳ ಅಂತ ಬರ್ದಿಲ್ಲ?" ಅಂದ್ರು. ಇಲ್ಲ ಅಂದೆ. ಕಾಕು ಚಹಾ ತಂದ್ರು, ಮುಂದ ನಾವು ಆ ವಿಷಯ ಮಾತಾಡ್ಲಿಲ್ಲ.

ಸಭೆ ಕಮಿಟಿ ಚುನಾವಣೆ ಬಂದಾಗ ಮತ್ತ ಎದ್ದಿತು ಇದು. 1 ತಿಮೊಥಿ 5:19ರಾಗ ಹಿರಿಯರ ಮ್ಯಾಲ ದೂರು ಬಂದ್ರ ಇಬ್ರು ಮೂವರು ಸಾಕ್ಷಿ ಇಲ್ಲದ ತಗೋಬಾರದು ಅಂತೈತಿ, ಅದರ ಮುಂದಿನ ವಚನದಾಗ, ತಪ್ಪು ಬಿಡದವ್ರನ್ನ ಎಲ್ಲಾರ ಮುಂದ ಗದರಸ್ಬೇಕು ಅಂತಾನೂ ಐತಿ. ಸಭಾಪಾಲಕರು ಕರ್ದು ಕೇಳಿದ್ರು. ಕಾಗದ ತೋರ್ಸಿದೆ, ಕೇಳಿದ್ದಕ್ಕ ಉತ್ರ ಕೊಟ್ಟೆ, ಏನು ಮಾಡ್ಬೇಕು ಅಂತ ಹೇಳ್ಲಿಲ್ಲ. ಕಾಕಾ ತಾವಾಗೇ ಆರೋಗ್ಯದ ಕಾರಣ ನಿಲ್ಲಂಗಿಲ್ಲ ಅಂತ ಚೀಟಿ ಬರೆಸಿ ಕಳಿಸಿದ್ರು. ಠರಾವಿನ ಪುಸ್ತಕದಾಗ ಹಂಗ ಬರ್ದ್ರು, ಆರೋಗ್ಯದ ಕಾರಣ ಅಂತ.

ಅದರ ಮ್ಯಾಲ ನಮ್ಮ ಮನ್ಯಾಗ ಇನ್ನೂ ಜಗಳ ಐತಿ. ತಮ್ಮ ಅಂತಾನ, ಅದು ಸುಳ್ಳ ದಾಖಲೆ, ನೀ ಅಲ್ಲೇ ಎದ್ದು ನಿಂತು ಖರೆ ಕಾರಣ ಬರೆಸ್ಬೇಕಾಗಿತ್ತು, ಅರ್ಧ ದಾರಿಗೆ ಕೈ ಬಿಟ್ಟಿ ಅಂತ. ನಾ ಅಂತೀನಿ, ಆರೋಗ್ಯಾನೂ ಖರೇನ ಕೆಟ್ಟೈತಿ, ರೈತರ ರೊಕ್ಕಾ ಆ ಪುಸ್ತಕದಾಗಿಲ್ಲ, ಸಭೆ ಕಾಣಿಕಿ ಲೆಕ್ಕದಾಗ ಒಂದು ರೂಪಾಯಿ ಹೆಚ್ಚುಕಡಿಮಿ ಆಗಿದ್ರ ನಾನ ನಿಂತು ಬರೆಸ್ತಿದ್ದೆ. ಅವ ಒಪ್ಪಂಗಿಲ್ಲ. ಹೋದ ಐತವಾರ ಊಟಕ್ಕ ಕುಂತಾಗ್ಲೂ ಇದ ನಡೀತು, ಅವ್ವ ಎದ್ದು ಬಂದು ಇಬ್ರ ತಾಟಿಗೂ ಇನ್ನೊಂದು ರೊಟ್ಟಿ ಹಾಕಿ ಬಾಯಿ ಮುಚ್ಚಿಸಿದ್ಲು.